ಹೃದಯದ ಆರೋಗ್ಯಕ್ಕೆ ಮೆಗ್ನೀಸಿಯಂ

ಎಲೆಗೆ ಹಸಿರು ಕೊಡುವ ಮೆಗ್ನೀಸಿಯಂ ಮನುಷ್ಯನ ಹೃದಯಕ್ಕೂ ಬೇಕು. ಹೃದಯದ ಸ್ನಾಯುಗಳನ್ನು ಕ್ಯಾಲ್ಸಿಯಂ ಬಿಗಿಗೊಳಿಸಿದರೆ, ಅವು ಸಡಿಲಗೊಳ್ಳಲು ಮೆಗ್ನೀಸಿಯಂ ನೆರವಾಗುತ್ತದೆ. ತೀವ್ರ ಕೊರತೆಯಾದಲ್ಲಿ ಹೃದಯದ ಬಡಿತ ತಾಳ ತಪ್ಪಬಹುದು. ಬಹುದಿನದ ಭೇದಿ, ಅತಿಯಾದ ಮದ್ಯಪಾನ, ಮೂತ್ರ ಹೆಚ್ಚಿಸುವ ಕೆಲವು ಮಾತ್ರೆಗಳಿಂದ ಈ ಕೊರತೆ ಉಂಟಾಗುತ್ತದೆ.

ವಯಸ್ಕ ಗಂಡಸರಿಗೆ ದಿನಕ್ಕೆ 440, ಹೆಂಗಸರಿಗೆ 370 ಮಿಲಿಗ್ರಾಂ ಬೇಕೆಂಬುದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸು. 100 ಗ್ರಾಂ ರಾಗಿಯಲ್ಲಿ ಸುಮಾರು 146 ಮಿಲಿಗ್ರಾಂ ಇದ್ದರೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ ಸುಮಾರು 19 ಮಾತ್ರ. ತೌಡಿನೊಡನೆ ಹೋದದ್ದು ದನಗಳ ಪಾಲು! ರಾಗಿ ಮಾರಿ ಬಿಳಿ ಅಕ್ಕಿ ಕೊಂಡು ಉಣ್ಣುವ ರೈತ ಕುಟುಂಬಗಳು ಇದನ್ನು ಗಮನಿಸಬೇಕು. ಹುರುಳಿ, ಸೊಪ್ಪು, ಎಳ್ಳು, ಕಡಲೆಕಾಯಿಗಳೂ ಉತ್ತಮ. ಮೂತ್ರಪಿಂಡದ ಕಾಯಿಲೆಯುಳ್ಳವರು ಮಾತ್ರ ವೈದ್ಯರನ್ನು ಕೇಳದೆ ಮೆಗ್ನೀಸಿಯಂ ಮಾತ್ರೆ ಸೇವಿಸಬಾರದು.