ಬಿಳಿ ಬಟ್ಟೆಗೆ ನೀಲಿ ಏಕೆ?

ಮಡಿವಾಳ ಎಂದರೆ ಬಟ್ಟೆ ಮಡಿ ಮಾಡುವವರು. ದಕ್ಷಿಣ ಬೆಂಗಳೂರಿನಲ್ಲಿ ಆ ಹೆಸರು ಹೊತ್ತ ಬಡಾವಣೆಯಲ್ಲಿ ಈಗ ಹೊಸೂರು ರಸ್ತೆಯ ಬಸ್ಸುಗಳ ಗದ್ದಲ, ತರಕಾರಿ ಮಾರುಕಟ್ಟೆಯ ಕೂಗು. ಆದರೆ ಬಣ್ಣದ ಪಾಠ ಶುರುಮಾಡುವುದಕ್ಕೆ ನನಗೆ ಆ ಹೆಸರೇ ಸಾಕು. ಡಿಸೈನ್ ಕಾಲೇಜಿನ ಮೊದಲ ವರ್ಷದಲ್ಲಿ ಹೇಳಿಕೊಡುವ ಸಂಗತಿಯೊಂದನ್ನು ಬಟ್ಟೆ ಒಗೆಯುವವರು ತಲೆಮಾರುಗಳಿಂದ ಕೈಯಾರೆ ಮಾಡಿಕೊಂಡು ಬಂದಿದ್ದಾರೆ: ಬಿಳಿ ಬಟ್ಟೆಗೆ ನೀಲಿ ಹಾಕುವುದು.

ಎಷ್ಟು ಉಜ್ಜಿ ಒಗೆದರೂ ಬಿಳಿ ಪಂಚೆ ವರ್ಷ ಕಳೆದಂತೆ ಹಳದಿಗೆ ತಿರುಗುತ್ತದೆ. ಬಿಸಿಲಿನಲ್ಲಿ ಎಲ್ಲ ಬಣ್ಣಗಳೂ ಇವೆ. ಹಳೆಯ ಬಟ್ಟೆ ಅದರಲ್ಲಿ ನೀಲಿಯ ಪಾಲನ್ನು ಸ್ವಲ್ಪ ನುಂಗಿ ಉಳಿದದ್ದನ್ನು ವಾಪಸು ಕಳಿಸುತ್ತದೆ. ಆ ಉಳಿಕೆಯೇ ಕಣ್ಣಿಗೆ ಹಳದಿ. ಕೊನೆಯಲ್ಲಿ ಜಾಲಿಸುವ ನೀರಿಗೆ ನಾಲ್ಕು ಹನಿ ನೀಲಿ ಬಿಟ್ಟರೆ, ಅದು ಹಳದಿಯ ಕಡೆಯ ಬೆಳಕನ್ನು ನುಂಗುತ್ತದೆ. ತಕ್ಕಡಿ ಸಮವಾಯಿತು, ಹಳದಿ ಛಾಯೆ ಹೋಯಿತು. ನಿಜವಾಗಿ ನೋಡಿದರೆ ಬಟ್ಟೆಯಿಂದ ಬರುವ ಒಟ್ಟು ಬೆಳಕು ಮೊದಲಿಗಿಂತ ಕಡಿಮೆಯೇ. ಆದರೂ ಕಣ್ಣು ‘ಬೆಳ್ಳಗಾಯಿತು’ ಎನ್ನುತ್ತದೆ! ಹೀಗೆ ಒಂದರ ಛಾಯೆಯನ್ನು ಇನ್ನೊಂದು ಅಳಿಸುವ ಜೋಡಿಗೆ ಪೂರಕ ಬಣ್ಣಗಳು ಎಂದು ಹೆಸರು. ಇಂದಿನ ಎಷ್ಟೋ ಸೋಪಿನ ಪುಡಿಗಳಲ್ಲಿ ಇನ್ನೊಂದು ಉಪಾಯವಿದೆ. ಅವುಗಳಲ್ಲಿರುವ ರಾಸಾಯನಿಕವೊಂದು ಕಣ್ಣಿಗೆ ಕಾಣದ ನೇರಳಾತೀತ ಕಿರಣವನ್ನು ಹೀರಿ ನೀಲಿ ಬೆಳಕಾಗಿ ಹೊರಬಿಡುತ್ತದೆ. ನುಂಗಿಹೋದ ನೀಲಿಯನ್ನೇ ತುಂಬಿಕೊಡುತ್ತದೆ.

ಬೆರೆತಾಗ ಅಳಿಸಿಹಾಕುವ ಈ ಜೋಡಿಗಳು ಪಕ್ಕಪಕ್ಕ ಕೂತಾಗ ಮಾಡುವುದು ತದ್ವಿರುದ್ಧ. ಟೊಮ್ಯಾಟೊ ರಾಶಿಯ ಅಂಚಿಗೆ ಕೊತ್ತಂಬರಿ ಕಟ್ಟುಗಳನ್ನು ಇಟ್ಟು ನೋಡಿ. ಹಣ್ಣು ಅದೇ, ಬೆಳಕು ಅದೇ, ಕೆಂಪು ಮಾತ್ರ ಇನ್ನಷ್ಟು ಕೆಂಪು. ಪ್ಯಾರಿಸ್ಸಿನ ಗೋಬೆಲಿನ್ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣ ಹಾಕುವ ವಿಭಾಗ ನೋಡಿಕೊಳ್ಳುತ್ತಿದ್ದ ರಸಾಯನ ವಿಜ್ಞಾನಿ ಷೆವ್ರೆಲ್ ಅವರಿಗೆ ಇದು ದೂರಾಗಿ ಬಂತು: ನೀಲಿ, ನೇರಳೆಯ ಜೊತೆ ನೇಯ್ದಾಗ ಕಪ್ಪು ನೂಲು ಮಂಕಾಗಿ ಕಾಣುತ್ತದೆ ಎಂದು. ಪರೀಕ್ಷಿಸಿದರೆ ಬಣ್ಣದಲ್ಲಿ ಕುಂದಿರಲಿಲ್ಲ. ಪಕ್ಕದ ನೀಲಿ ತನ್ನ ಪೂರಕದ ಛಾಯೆಯನ್ನು ಕಪ್ಪಿನ ಮೇಲೆ ಹೊದಿಸುತ್ತಿತ್ತು, ಅದೂ ನೋಡುವವರ ಕಣ್ಣಿನೊಳಗೆ. 1839ರಲ್ಲಿ ಅವರು ಈ ಬಗ್ಗೆ ದೊಡ್ಡ ಪುಸ್ತಕವನ್ನೇ ಪ್ರಕಟಿಸಿದರು. ನೆರೆಯಲ್ಲಿ ಯಾವ ಬಣ್ಣವಿದೆ ಎಂದು ಕೇಳದೆ ಒಂದು ಬಣ್ಣವನ್ನು ಆರಿಸಬಾರದು ಎಂದು ನಾನು ವಿದ್ಯಾರ್ಥಿಗಳಿಗೆ ಹಟ ಹಿಡಿದು ಹೇಳುವುದು ಇದಕ್ಕೇ.

ಕಣ್ಣಿನೊಳಗಿನ ಈ ವ್ಯವಹಾರ ಬೆಂಗಳೂರಿಗೂ ಹೊಸದಲ್ಲ. ಸರ್ ಸಿ. ವಿ. ರಾಮನ್ ಇಳಿವಯಸ್ಸಿನಲ್ಲಿ ಹೂಗಳ ಬಣ್ಣ, ಕಣ್ಣಿನ ನೋಟಗಳ ಹಿಂದೆ ಬಿದ್ದು, 1968ರಲ್ಲಿ ದೃಷ್ಟಿಯ ಕುರಿತು ಪುಸ್ತಕ ತಂದರು. ಬಣ್ಣದ ಫಿಲ್ಟರಿನ ಮೂಲಕ ಬೆಳಗಿದ ಪರದೆಯನ್ನು ಸ್ವಲ್ಪ ಹೊತ್ತು ನೋಡಿ, ಫಿಲ್ಟರನ್ನು ತಟ್ಟನೆ ಸರಿಸಿ, ಆಗ ಕಾಣುವುದನ್ನು ಗಮನಿಸುವುದು ಅವರ ವಿಧಾನ. ನೀವೂ ಕೆಂಪು ಕಾಗದವನ್ನು ಅರ್ಧ ನಿಮಿಷ ದಿಟ್ಟಿಸಿ, ಬಿಳಿ ಗೋಡೆ ನೋಡಿ. ನೀಲಿ ಬೆರೆತ ಹಸಿರು ಮಚ್ಚೆ ತೇಲುತ್ತದೆ. ಕೆಂಪಿಗೆ ಸ್ಪಂದಿಸುವ ಶಂಕುಕೋಶಗಳು ದಣಿದಿರುತ್ತವೆ, ಉಳಿದವು ಮುಂದಾಗುತ್ತವೆ. ರಕ್ತವನ್ನೇ ನೋಡುತ್ತಿರುವ ವೈದ್ಯರಿಗೆ ಬಿಳಿ ಗೌನಿನ ಮೇಲೆ ಈ ಮಚ್ಚೆ ಕಾಡಬಾರದೆಂದೇ ಆಪರೇಷನ್ ಥಿಯೇಟರಿನಲ್ಲಿ ಹಸಿರು ಗೌನು ಅನುಕೂಲ.

ಬಣ್ಣವನ್ನು ಹೆಸರಿಸಲು ಅಮೆರಿಕದ ಮುನ್ಸೆಲ್ 1905ರಲ್ಲಿ ಮೂರು ಅಳತೆಗಳನ್ನು ಕೊಟ್ಟರು: ಯಾವ ಬಣ್ಣ, ಎಷ್ಟು ಬೆಳಕು, ಎಷ್ಟು ಅಚ್ಚ. ಕನ್ನಡದ ಕಿವಿಗೆ ಇದು ಕಷ್ಟವಾಗಬಾರದು. ಕಡುಗೆಂಪು, ತಿಳಿಗೆಂಪು ಎನ್ನುವಾಗ ಹೇಳುತ್ತಿರುವುದು ಬೆಳಕಿನ ಅಳತೆ. ಅಚ್ಚ ಕೆಂಪು, ಮಾಸಲು ಕೆಂಪು ಎನ್ನುವಾಗ ಶುದ್ಧತೆಯ ಅಳತೆ. ಹೊಸಬರ ಪೋಸ್ಟರುಗಳು ಸೋಲುವುದು ಹೆಚ್ಚಾಗಿ ಬೆಳಕಿನ ಅಳತೆಯಲ್ಲಿ. ಒಂದೇ ಮಟ್ಟದ ಕೆಂಪಿನ ಮೇಲೆ ಹಸಿರು ಅಕ್ಷರ ಬರೆದರೆ ಕಣ್ಣು ಅದುರುತ್ತದೆ, ಓದಲಾಗುವುದಿಲ್ಲ. ಫೋಟೊ ತೆಗೆದು ಕಪ್ಪು–ಬಿಳುಪು ಮಾಡಿ ನೋಡಿದರೆ ಅಕ್ಷರವೇ ಮಾಯ!

ಇನ್ನು ಬಣ್ಣಗಳ ಬೆರಕೆ. ಮೊಬೈಲಿನ ಪರದೆ ಬೆಳಕನ್ನು ಕೂಡಿಸುತ್ತದೆ. ಅಲ್ಲಿ ಕೆಂಪಿಗೆ ಹಸಿರು ಸೇರಿದರೆ ಹಳದಿ. ಶಾಯಿ ಬೆಳಕನ್ನು ಕಳೆಯುತ್ತದೆ. ಮುದ್ರಣಾಲಯದಲ್ಲಿ ಸಯಾನ್, ಮಜೆಂಟಾ, ಹಳದಿ, ಕಪ್ಪು ಎಂಬ ನಾಲ್ಕರಿಂದಲೇ ಕೆಲಸ. ಪರದೆಯಲ್ಲಿ ಹೊಳೆದ ಹಸಿರು ಕಾಗದದಲ್ಲಿ ಸಪ್ಪೆಯಾದರೆ ಅದು ಮುದ್ರಕರ ತಪ್ಪಲ್ಲ.

ಮಾರುಕಟ್ಟೆಗೆ ಮಧ್ಯಾಹ್ನ ಹೋದಾಗ ನೀಲಿ ಟಾರ್ಪಾಲು ಕಟ್ಟಿದ ಅಂಗಡಿ ಕಂಡರೆ ನಿಂತು ನೋಡಿ. ಆ ಹೊದಿಕೆಯಿಂದ ಇಳಿಯುವ ಬೆಳಕಿನಲ್ಲಿ ಕೆಂಪಿನ ಪಾಲು ಕಡಿಮೆ. ಟೊಮ್ಯಾಟೊಗೆ ವಾಪಸು ಕಳಿಸಲು ಏನೂ ಸಿಗದೆ ಅದು ಕಂದುಗಪ್ಪಾಗಿ ಕೂತಿರುತ್ತದೆ. ಬುಟ್ಟಿಯನ್ನು ಅಂಚಿನವರೆಗೆ ಎಳೆದು ಬಿಸಿಲಿಗೆ ಒಡ್ಡಿದರೆ, ಅದೇ ಹಣ್ಣು ರಸ್ತೆಯ ಆಚೆ ಬದಿಗೂ ಕಾಣುತ್ತದೆ.