ಕಂಡಕ್ಟರ್ ಇಲ್ಲದ ಬಸ್ಸು, ಭಾನುವಾರ ಬೀಗದ ಪೇಟೆ

ಆಲ್ದೂರು: ಚಳಿಗಾಲದ ಭಾನುವಾರ, ಸಂಜೆ ಆರೂವರೆ. ಪೇಟೆಯ ಅಂಗಡಿಗಳಲ್ಲಿ ದೀಪ ಹತ್ತಿದೆ. ಮೂಡಿಗೆರೆ ಬಸ್ಸಿಗೆ ಜನ ಕಾದು ನಿಂತಿದ್ದಾರೆ. ಅದೇ ಹೊತ್ತಿಗೆ ತೋಟದ ಮನೆಯೊಂದರಲ್ಲಿ ಫೋನು ಬಡಿದುಕೊಳ್ಳುತ್ತದೆ. ಜರ್ಮನಿಯ ಸ್ಟುಟ್‌ಗಾರ್ಟ್ ಪಟ್ಟಣದಿಂದ ಮಗ. ಅಲ್ಲಿ ಆಗ ಇನ್ನೂ ಮಧ್ಯಾಹ್ನ ಎರಡು ಗಂಟೆ.

“ಊಟ ಆಯ್ತೇನೋ?”

“ಬ್ರೆಡ್ ತಿಂದೆ ಅಮ್ಮ. ನಿನ್ನೆ ಅಕ್ಕಿ ತರೋದು ಮರೆತುಹೋಯ್ತು.”

“ಈಗ ಹೋಗಿ ತಗೊಂಡು ಬಾ ಮತ್ತೆ.”

“ಇವತ್ತು ಭಾನುವಾರ ಅಮ್ಮ. ಊರಿಗೆ ಊರೇ ಬೀಗ!”

ಮಕ್ಕಳು ಜರ್ಮನಿಯಲ್ಲಿರುವ ಮನೆಗಳಲ್ಲಿ ಈ ಮಾತು ಹೊಸದೇನಲ್ಲ. ಮೊದಲು ಓದಲು ಬೆಂಗಳೂರು, ಆಮೇಲೆ ಕೆಲಸಕ್ಕೆ ಅಲ್ಲಿಂದಾಚೆಗೆ. ಬೆಂಗಳೂರಿನಲ್ಲಿ 1951ರಲ್ಲಿ ಶುರುವಾದ ಮೈಕೋ ಕಂಪೆನಿಯ ಬೇರು ಇರುವುದೂ ಇದೇ ಸ್ಟುಟ್‌ಗಾರ್ಟಿನಲ್ಲೇ. ರಾಬರ್ಟ್ ಬಾಷ್ ತನ್ನ ಕಾರ್ಖಾನೆ ತೆರೆದದ್ದು ಅಲ್ಲಿ, 1886ರಲ್ಲಿ.

ಭಾನುವಾರ ವ್ಯಾಪಾರ ಬಂದ್

ಭಾನುವಾರ ಬಾಗಿಲು ಹಾಕಿದರೆ ವ್ಯಾಪಾರ ಹೇಗೆ ಸ್ವಾಮೀ ಎಂದು ನಮ್ಮ ವರ್ತಕರು ಕೇಳಬಹುದು. ಅಲ್ಲಿ ಇದು ಸಂವಿಧಾನದ ಮಾತು! ಭಾನುವಾರ ವಿಶ್ರಾಂತಿಯ ದಿನ ಎಂದು 1919ರ ಸಂವಿಧಾನದಲ್ಲಿ ಬರೆದರು. ಅದೇ ಕಲಮನ್ನು 1949ರ ಈಗಿನ ಸಂವಿಧಾನಕ್ಕೂ ತಂದು ಸೇರಿಸಿದರು. ಪೆಟ್ರೋಲ್ ಬಂಕು, ರೈಲ್ವೆ ಸ್ಟೇಷನ್ನಿನ ಅಂಗಡಿ, ಬೆಳಗ್ಗೆ ಒಂದಷ್ಟು ಹೊತ್ತು ಬ್ರೆಡ್ಡಿನ ಅಂಗಡಿ, ಇವಿಷ್ಟು ಬಿಟ್ಟರೆ ಮಿಕ್ಕದ್ದೆಲ್ಲ ಬಂದ್. ಶನಿವಾರ ಸಂತೆ ಮಾಡದವನಿಗೆ ಭಾನುವಾರ ಉಪವಾಸ.

ಬಸ್ಸಿನ ಕತೆ ಇನ್ನೊಂದು. ಅಲ್ಲಿ ಕಂಡಕ್ಟರ್ ಇಲ್ಲ. “ರೈಟ್, ರೈಟ್” ಇಲ್ಲ, ಚಿಲ್ಲರೆ ಜಗಳವಿಲ್ಲ. ಟಿಕೆಟ್ಟನ್ನು ಮೊದಲೇ ತಾವೇ ಕೊಂಡಿರಬೇಕು. ಯಾರೂ ಕೇಳುವುದಿಲ್ಲವಲ್ಲ ಎಂದು ಹತ್ತಿ ಕೂತರೋ, ಯಾವತ್ತೋ ಒಂದು ದಿನ ಮಾಮೂಲಿ ಬಟ್ಟೆಯ ತಪಾಸಣೆಯವನು ಎದುರಿಗೆ ನಿಂತಿರುತ್ತಾನೆ. ದಂಡ 60 ಯೂರೋ. ಭಾಷೆ ಬರುವುದಿಲ್ಲ ಎಂದರೆ ದಂಡ ಕಡಿಮೆಯಾಗದು.

ಮನೆ ಸಿಕ್ಕಿದ ಎರಡು ವಾರದೊಳಗೆ ನಗರಾಡಳಿತದ ಕಚೇರಿಗೆ ಹೋಗಿ ವಿಳಾಸ ಬರೆಸಬೇಕು. ಆ ಒಂದು ಕಾಗದ ಇಲ್ಲದಿದ್ದರೆ ಮುಂದಿನ ಕೆಲಸಗಳೆಲ್ಲ ಕುಂಟುತ್ತವೆ. ರಾತ್ರಿ ಹತ್ತರ ಮೇಲೆ ಸದ್ದು ಮಾಡುವ ಹಾಗಿಲ್ಲ. ಕಾಗದ, ಪ್ಲಾಸ್ಟಿಕ್ಕು, ಅಡಿಗೆಮನೆಯ ಕಸ ಒಂದೊಂದಕ್ಕೂ ಬೇರೆ ಬೇರೆ ಡಬ್ಬ. ಖಾಲಿ ನೀರಿನ ಬಾಟಲಿ ಬಿಸಾಡಿದರೆ 25 ಸೆಂಟ್ ಬಿಸಾಡಿದ ಹಾಗೆ. ಅಂಗಡಿಗೆ ಹಿಂದಿರುಗಿಸಿದರೆ ಆ ದುಡ್ಡು ವಾಪಸು.

ಸ್ಟುಟ್‌ಗಾರ್ಟ್ ಸೀಮೆಯಲ್ಲಿ ಇದಕ್ಕಿಂತ ದೊಡ್ಡದು ‘ಕೇರ್‌ವೋಹೆ’. ಅಂದರೆ ಗುಡಿಸುವ ವಾರ. ಬಾಡಿಗೆದಾರರು ಸರದಿಯ ಮೇಲೆ ಮೆಟ್ಟಿಲು, ಓಣಿ ಗುಡಿಸಿ ಒರೆಸಬೇಕು. ಸರದಿ ಬಂದವರ ಬಾಗಿಲಿಗೆ ಒಂದು ಹಲಗೆ ನೇತುಬೀಳುತ್ತದೆ. ಊರಲ್ಲಿ ಪೊರಕೆ ಮುಟ್ಟದ ಮಗರಾಯ ಅಲ್ಲಿ ಮೆಟ್ಟಿಲು ಒರೆಸುತ್ತಾನೆ ಎಂದು ಕೇಳಿ ನಗುವ ತಾಯಂದಿರು ಇಲ್ಲೂ ಇದ್ದಾರೆ.

ಹೇಳದೆ ಬರಬೇಡಿ

ಹುಡುಗರಿಗೆ ಕಷ್ಟ ಕೊಡುವುದು ಈ ಕಾನೂನುಗಳಲ್ಲ, ಮುಚ್ಚಿದ ಬಾಗಿಲುಗಳು. ಆಲ್ದೂರಿನಲ್ಲಿ ದಾರಿಯಲ್ಲಿ ಹೋಗುವವರನ್ನೂ “ಬನ್ನಿ ಮಾರಾಯ್ರೆ, ಕಾಫಿ ಕುಡಿದು ಹೋಗಿ” ಎಂದು ಕರೆಯುವುದುಂಟು. ಅಲ್ಲಿ ದಿನ, ಗಂಟೆ ಮಾತಾಡಿಕೊಂಡೇ ಹೋಗಬೇಕು. ಡಿಸೆಂಬರಿನಲ್ಲಿ ಸಂಜೆ ನಾಲ್ಕೂವರೆಗೆಲ್ಲ ಕತ್ತಲು. ಎದುರು ಮನೆಯವರ ಹೆಸರು ತಿಳಿಯದೆಯೇ ವರ್ಷ ಕಳೆದುಬಿಡುತ್ತದೆ.

ಹಾಗಂತ ಅವರು ಕಾಫಿ ಕುಡಿಯದವರಲ್ಲ. ರಜಾದಿನ ಮಧ್ಯಾಹ್ನ ಮೂರು-ನಾಲ್ಕರ ಹೊತ್ತಿಗೆ ಕಾಫಿ ಜತೆಗೆ ಕೇಕು ಅವರ ಮನೆಮನೆಯ ಪದ್ಧತಿ. ಕಾಗದದ ಫಿಲ್ಟರ್ ಕಂಡುಹಿಡಿದವಳು ಡ್ರೆಸ್ಡೆನ್ನಿನ ಗೃಹಿಣಿ ಮೆಲಿಟ್ಟಾ ಬೆಂಟ್ಸ್. ಮಗನ ಪುಸ್ತಕದ ಒತ್ತುಕಾಗದ ಹರಿದು ಕಾಫಿ ಸೋಸಿ, 1908ರಲ್ಲಿ ಹಕ್ಕುಪತ್ರ ಪಡೆದಳು. ಪ್ರಷ್ಯದ ದೊರೆ ಎರಡನೇ ಫ್ರೆಡ್ರಿಕ್ 1781ರಲ್ಲಿ ಕಾಫಿ ಹುರಿಯುವುದನ್ನು ಸರಕಾರದ ಹಿಡಿತಕ್ಕೆ ತಂದು, ಕದ್ದು ಹುರಿಯುವವರನ್ನು ವಾಸನೆಯಿಂದ ಪತ್ತೆ ಹಚ್ಚಲು ಬೀದಿಗೆ ಆಳುಗಳನ್ನೇ ಬಿಟ್ಟಿದ್ದ! ಬಡವರು ಚಿಕೋರಿ ಕುಡಿದರು. ಈಗಲೂ ಅಲ್ಲಿ ಹುರಿದ ಕಾಫಿಗೆ ಕಿಲೋಗೆ 2.19 ಯೂರೋ ತೆರಿಗೆ. ನಮ್ಮ ದೇಶದ ಕಾಫಿಗೆ ಜರ್ಮನಿ ದೊಡ್ಡ ಗಿರಾಕಿಗಳಲ್ಲಿ ಒಂದು. ಆದರೆ ಬೇರೆ ದೇಶದ ಬೀಜದ ಜತೆ ಬೆರೆತು ಪೊಟ್ಟಣವಾಗುವ ಪುಡಿಯ ಮೇಲೆ ಊರ ಹೆಸರು ಹುಡುಕಿದರೆ ಸಿಗುವುದು ಅಪರೂಪ.

ಅವರು ಕನ್ನಡ ಕಲಿತರು

ಬಾಗಿಲು ತೆರೆಯುವ ಬೀಗದಕೈ ಒಂದೇ: ಭಾಷೆ. ಅದನ್ನು ನಮಗೆ ತೋರಿಸಿಕೊಟ್ಟವರೂ ಜರ್ಮನರೇ. 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿ ಕನ್ನಡಕ್ಕೆ ಪತ್ರಿಕೆ ಕೊಟ್ಟ ಹರ್ಮನ್ ಮೋಗ್ಲಿಂಗ್ ಇದೇ ಸೀಮೆಯವರು. ಅವರು 1881ರಲ್ಲಿ ತೀರಿಕೊಂಡದ್ದು ಸ್ಟುಟ್‌ಗಾರ್ಟಿನ ಪಕ್ಕದ ಎಸ್ಲಿಂಗನ್‌ನಲ್ಲಿ. 1894ರಲ್ಲಿ ಕನ್ನಡ ನಿಘಂಟು ಕೊಟ್ಟ ಕಿಟೆಲ್ ಕಣ್ಮುಚ್ಚಿದ್ದು 1903ರಲ್ಲಿ, ಅಲ್ಲಿಗೆ ದೂರವಲ್ಲದ ಟ್ಯೂಬಿಂಗನ್‌ನಲ್ಲಿ. ಧರ್ಮಪ್ರಚಾರಕ್ಕೆಂದು ಬಂದವರು ನಿಜ. ಆದರೆ ಭಾಷೆ ಕಲಿಯದೆ ಕೂರಲಿಲ್ಲ.

ಕನ್ನಡಿಗನಿಗೆ ಜರ್ಮನಿನಲ್ಲಿ ಒಂದು ಅನುಕೂಲವೂ ಇದೆ. ಇಂಗ್ಲಿಷಿನ ಹಾಗೆ ಎಲ್ಲರಿಗೂ ಒಂದೇ ‘ಯೂ’ ಅಲ್ಲ. ನಮ್ಮ ‘ನೀನು’, ‘ನೀವು’ ಇದ್ದ ಹಾಗೆ ಅವರಲ್ಲೂ ‘ಡೂ’, ‘ಝೀ’ ಉಂಟು. ಹಿರಿಯರನ್ನು ‘ಡೂ’ ಅಂದರೆ ಮುಖ ಗಂಟಾದೀತು.

ಇಲ್ಲೇ ತಾಯಂದಿರ ಸಂಕಟ. ದೊಡ್ಡ ಸಂಬಳದ ತಜ್ಞರಿಗೆ ಕೊಡುವ ‘ಬ್ಲೂ ಕಾರ್ಡ್’ ಇದ್ದವರು ಮಧ್ಯಮ ಮಟ್ಟದ ‘ಬಿ-1’ ಪರೀಕ್ಷೆ ಪಾಸು ಮಾಡಿದರೆ 21 ತಿಂಗಳಿಗೇ ಅಲ್ಲಿ ಕಾಯಂ ನೆಲೆಸುವ ಪತ್ರ ಕೇಳಬಹುದು. ಬರೀ ಮೊದಲ ಮೆಟ್ಟಿಲ ‘ಎ-1’ ಆದರೆ 27 ತಿಂಗಳು. ಮಗ ಚೆನ್ನಾಗಿ ಕಲಿತಷ್ಟೂ ಅಲ್ಲಿ ಬೇರು ಇಳಿಯುವುದು ಬೇಗ. ಕಲಿಯದಿದ್ದರೆ ಒಂಟಿಯಾಗುತ್ತಾನೆ, ಕಲಿತರೆ ಊರಿಗೆ ಬರುವುದೇ ಅನುಮಾನ. ಇತ್ತ ಕೊಯ್ಲಿನ ಹೊತ್ತಿಗೆ ಆಳು ಸಿಗುವುದಿಲ್ಲ, ಅಪ್ಪನ ಮಂಡಿ ನೋವು ಇಳಿಯುವುದಿಲ್ಲ. ತೋಟ ಯಾರಿಗೆ?

ಆದರೂ ಫೋನಿನಲ್ಲಿ ಆ ಮಾತು ಎತ್ತುವವರು ಕಡಿಮೆ. “ಪರೀಕ್ಷೆ ಏನಾಯ್ತು?” ಎಂದೇ ಕೇಳುತ್ತಾರೆ. “ಪಾಸಾಯ್ತು ಅಮ್ಮ” ಎಂದರೆ “ಒಳ್ಳೇದಾಯ್ತು ಬಿಡು” ಎನ್ನುತ್ತಾರೆ, ಆಮೇಲೆ ಸ್ವಲ್ಪ ಹೊತ್ತು ಮಾತು ನಿಲ್ಲುತ್ತದೆ.

ಮಾರ್ಚಿಯ ಕೊನೆಯ ಭಾನುವಾರ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ. ಅಂದಿನಿಂದ ಆ ಫೋನು ಆರೂವರೆಗಲ್ಲ, ಐದೂವರೆಗೇ ಬರುತ್ತದೆ. ಆಲ್ದೂರಿನ ತಾಯಿಗೆ ಇದನ್ನು ಯಾರೂ ನೆನಪಿಸಬೇಕಾಗಿಲ್ಲ. ಐದು ಗಂಟೆಗೇ ಕಾಫಿ ಸೋಸಿಟ್ಟು ಜಗಲಿಯಲ್ಲಿ ಕೂತಿರುತ್ತಾಳೆ.