ನಮ್ಮ ಆದವಾನಿಯ ಕೋಟೆ ಎಲ್ಲಿ ಹೋಯಿತು?

ಆದವಾನಿಯ ಬಂಡೆಗಲ್ಲುಗಳ ಬೆಟ್ಟಗಳನ್ನು ನೋಡದ ಮಕ್ಕಳು ನಮ್ಮ ಸೀಮೆಯಲ್ಲಿ ಇರಲಾರರು. ಆದರೆ "ಇಲ್ಲಿದ್ದ ಕೋಟೆ ಏನಾಯಿತು? ಅದರ ಒಡೆಯರು ಯಾರು?" ಎಂದು ಕೇಳಿದರೆ ಉತ್ತರ ಹೇಳುವವರು ವಿರಳ. ಈ ದುರ್ಗವು ಮಳೆಗಾಳಿಗೆ ಮಾತ್ರ ಸವೆದು ಹಾಳಾದುದಲ್ಲ. ಗೆದ್ದವನೇ ಅದನ್ನು ಬೇಕೆಂದು ಕೆಡವಿಸಿದನು.

ಕೋಟೆಯು ಐದು ಬೆಟ್ಟಗಳ ಗುಂಪಿನ ಮೇಲೆ ಹಬ್ಬಿತ್ತು. ಅವುಗಳಲ್ಲಿ ಎತ್ತರವಾದ ಬಾರಾಕಿಲ್ಲಾ ಮತ್ತು ತಾಳಿಬಂಡೆಗಳು ಬಯಲಿನಿಂದ ಸುಮಾರು 800 ಅಡಿ ಮೇಲಕ್ಕೆದ್ದಿವೆ. ವಿಜಯನಗರದ ಅರಸರಿಗೆ ಇದು ಆಪತ್ಕಾಲದ ಆಶ್ರಯವಾಗಿತ್ತು. ಒಂದರೊಳಗೊಂದು ಹನ್ನೊಂದು ಸುತ್ತಿನ ಗೋಡೆಗಳು, ತಿಳಿನೀರಿನ ಕೊಳಗಳು, ಅರಮನೆಗಳು ಇಲ್ಲಿದ್ದುವೆಂದು ಪರ್ಷಿಯನ್ ಇತಿಹಾಸಕಾರ ಫೆರಿಸ್ತಾ ವರ್ಣಿಸಿದ್ದಾನೆ. ಮುತ್ತಿಗೆಯ ಕಾಲದಲ್ಲಿ ಗೋಡೆಗಿಂತ ನೀರೇ ಮುಖ್ಯ. ಬೆಟ್ಟದ ಮೇಲೆಯೇ ನೀರಿದ್ದುದರಿಂದ ಕೋಟೆಯವರು ತಿಂಗಳುಗಟ್ಟಲೆ ತಡೆದು ನಿಲ್ಲಬಲ್ಲವರಾಗಿದ್ದರು.

1565ರ ಯುದ್ಧದಲ್ಲಿ ವಿಜಯನಗರ ಸೋತಿತು. 1568ರಲ್ಲಿ ಕೋಟೆ ಬಿಜಾಪುರದ ವಶವಾಯಿತು. ಮುಂದಿನ ಶತಮಾನದಲ್ಲಿ ಇಲ್ಲಿ ಆಳಿದವನು ಸಿದ್ದಿ ಮಸೂದ್ ಖಾನ್. ಇವನು ಆಫ್ರಿಕಾ ಮೂಲದ ಹಬಸಿ ಸರದಾರ. ಬಿಜಾಪುರದ ಬಾಲಕ ಸುಲ್ತಾನನ ಪರವಾಗಿ ರಾಜ್ಯಭಾರ ನಡೆಸಿ, ಅಲ್ಲಿನ ಒಳಜಗಳಗಳಿಗೆ ಬೇಸತ್ತು 1683ರಲ್ಲಿ ಅಧಿಕಾರವನ್ನು ಬಿಟ್ಟು ಆದವಾನಿಗೆ ಬಂದನು. ಊರಿನ ಸುಂದರವಾದ ಜಾಮಿಯಾ ಮಸೀದಿಯನ್ನು ಕಟ್ಟಿಸಿದವನು ಇವನೇ. 1688ರಲ್ಲಿ ಔರಂಗಜೇಬನ ಸೈನ್ಯ ಮುತ್ತಿದಾಗ, ಶತ್ರುಗಳು ಫಿರಂಗಿಗಳನ್ನು ಮಸೀದಿಯತ್ತ ತಿರುಗಿಸಿದರಂತೆ. ಅದು ಹಾಳಾಗುವುದನ್ನು ನೋಡಲಾರದೆ ಅವನು ಕೋಟೆಯನ್ನೇ ಒಪ್ಪಿಸಿದನೆಂದು ಐತಿಹ್ಯವಿದೆ. ಮೊಗಲರು ಕೋಟೆಗೆ ಇಮ್ತಿಯಾಜ್‌ಗಢವೆಂದು ಹೆಸರಿಟ್ಟರು. ಆ ಹೆಸರು ಕಾಗದದಲ್ಲಿ ಉಳಿಯಿತು. ಜನರ ಬಾಯಲ್ಲಿ ಉಳಿದುದು ಆದವಾನಿ. ಮೊಗಲರ ಪರವಾಗಿ ಇಲ್ಲಿದ್ದ ಬಿಕಾನೇರಿನ ಮಹಾರಾಜ ಅನೂಪಸಿಂಹನು 1698ರಲ್ಲಿ ಆದವಾನಿಯಲ್ಲಿಯೇ ತೀರಿಕೊಂಡನು. ಅವನು ದಕ್ಷಿಣದಿಂದ ಕಳುಹಿಸಿದ ಗ್ರಂಥಗಳೂ ದೇವತಾವಿಗ್ರಹಗಳೂ ದೂರದ ಬಿಕಾನೇರನ್ನು ಸೇರಿದುವು.

ಅನಂತರ ಕೋಟೆಯು ಹೈದರಾಬಾದಿನ ನಿಜಾಮನ ತಮ್ಮನಾದ ಬಸಾಲತ್ ಜಂಗನ ಜಹಗೀರಾಯಿತು. 1782ರಲ್ಲಿ ಅವನು ತೀರಿಕೊಂಡನು. ಅವನ ಮತ್ತು ಅವನ ತಾಯಿಯ ಗೋರಿಗಳು ಊರಿನಲ್ಲಿವೆ. ಅವನ ಮಗ ಮಹಾಬತ್ ಜಂಗನ ಕಾಲದಲ್ಲಿ, 1786ರಲ್ಲಿ, ಟಿಪ್ಪು ಸುಲ್ತಾನನು ದಂಡೆತ್ತಿ ಬಂದನು. ಕೋಟೆಯವರು ಧೈರ್ಯದಿಂದ ತಡೆದರು. ನಿಜಾಮನ ಮತ್ತು ಮರಾಠರ ಸೈನ್ಯಗಳು ನೆರವಿಗೆ ಬಂದುವು. ಆದರೆ ಮಳೆಗಾಲ ಹತ್ತಿರವಾಗಿತ್ತು. ತುಂಗಭದ್ರೆ ತುಂಬಿದರೆ ಹಿಂದಿರುಗುವ ದಾರಿಯೇ ಇಲ್ಲ. ಆದುದರಿಂದ ಅವರು ಒಡೆಯನ ಮನೆಮಂದಿಯನ್ನು ಹೊಳೆ ದಾಟಿಸಿ ರಾಯಚೂರಿಗೆ ಕರೆದೊಯ್ದರು. ಬರಿದಾದ ಕೋಟೆ ಟಿಪ್ಪುವಿನ ಕೈಸೇರಿತು. ಇದು ಮತ್ತೆ ವೈರಿಗಳಿಗೆ ಆಸರೆಯಾಗಬಾರದೆಂದು ಅವನು ಗೋಡೆಗಳನ್ನು ಕೆಡವಿಸಿ, ಫಿರಂಗಿಗಳನ್ನೂ ಸಾಮಗ್ರಿಯನ್ನೂ ಗುತ್ತಿ ಮತ್ತು ಬಳ್ಳಾರಿಗೆ ಸಾಗಿಸಿದನು. ಕೋಟೆಯ ಬಲವೇ ಕೋಟೆಗೆ ಮುಳುವಾಯಿತು!

1800ರಲ್ಲಿ ನಿಜಾಮನು ಈ ಸೀಮೆಯನ್ನು ಕಂಪನಿ ಸರಕಾರಕ್ಕೆ ಬಿಟ್ಟುಕೊಟ್ಟನು. ಥಾಮಸ್ ಮನ್ರೋ ಮೊದಲ ಪ್ರಧಾನ ಕಲೆಕ್ಟರನಾದನು. ಬಹುಕಾಲ ಬಳ್ಳಾರಿ ಜಿಲ್ಲೆಯಲ್ಲಿದ್ದ ಆದವಾನಿ ಮತ್ತು ಆಲೂರು ತಾಲ್ಲೂಕುಗಳು, 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಕರ್ನೂಲು ಜಿಲ್ಲೆಗೆ ಸೇರಿದುವು. ಗಡಿ ಬದಲಾಯಿತು, ಆದರೆ ನಮ್ಮ ಎಷ್ಟೋ ಮನೆಗಳಲ್ಲಿ ಕನ್ನಡ ಉಳಿಯಿತು.

ವಿದ್ಯಾರ್ಥಿಗಳೇ, ಒಮ್ಮೆ ಯೋಚಿಸಿ. ಹನ್ನೊಂದು ಸುತ್ತಿನ ಗೋಡೆಗಳು ಬಿದ್ದುವು. ಮಸೀದಿಯಲ್ಲಿ ಇಂದಿಗೂ ನಮಾಜು ನಡೆಯುತ್ತದೆ. ರಣಮಂಡಲದ ಆಂಜನೇಯನ ದರ್ಶನಕ್ಕೆ ಜನ ಇಂದಿಗೂ ಬೆಟ್ಟ ಹತ್ತುತ್ತಾರೆ. ಒಡೆಯರು ತಮಗಾಗಿ ಕಟ್ಟಿಕೊಂಡುದು ಅಳಿಯಿತು. ಜನರು ತಮ್ಮದೆಂದು ಕಾಪಾಡಿಕೊಂಡುದು ಉಳಿಯಿತು. ಈಗ ಅಳಿದುಳಿದ ಕಲ್ಲುಗಳಿಗೆ ಕಾವಲುಗಾರರು ನಾವೇ. ಬೆಟ್ಟಕ್ಕೆ ಹೋದಾಗ ಬಂಡೆಯ ಮೇಲೆ ನಿಮ್ಮ ಹೆಸರನ್ನು ಕೆತ್ತಬೇಡಿರಿ. ಮನೆಯ ಹಿರಿಯರನ್ನು ಕೇಳಿ, ಅವರು ಬಲ್ಲ ಸ್ಥಳಗಳ ಹೆಸರುಗಳನ್ನು ಬರೆದಿಡಿರಿ. ಕೆಡವಿದ ಗೋಡೆಯನ್ನು ನಾವು ಮತ್ತೆ ಕಟ್ಟಲಾರೆವು. ಅದರ ನೆನಪನ್ನಾದರೂ ಉಳಿಸಿಕೊಳ್ಳಬಲ್ಲೆವು.